ಹೆಜ್ಜಾರ್ಲೆಗೆ ಕುಣಿಕೆಯಾದ ಬಲೆ

ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟುಹೋಗುವ ಹರಿದ ಬಲೆ, ಗಾಳದ ದಾರ ನೀರುಹಕ್ಕಿಗಳ ಜೀವಕ್ಕೆ ಕುತ್ತಾಗಿವೆ. ಕಳೆದ ಭಾನುವಾರ ನಮ್ಮ ಬಡಾವಣೆಯ ಕೆರೆಯಲ್ಲಿ ಹೆಜ್ಜಾರ್ಲೆಯೊಂದರ (ಪೆಲಿಕನ್) ಕೊಕ್ಕಿಗೆ ನೈಲಾನ್ ದಾರ ಸುತ್ತಿಕೊಂಡಿತ್ತು. ಬಾಯಿ ತೆರೆಯಲಾಗದೆ ಅದು ಜೊಂಡಿನ ಪಕ್ಕ ಸುಮ್ನೆ ಕೂತಿತ್ತು. ಎದುರಿಗೇ ಮೀನುಗಳು ನೆಗೆಯುತ್ತಿದ್ದವು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ‘ಅಪಾಯದ ಸನಿಹ’ ಎಂದು ಗುರುತಿಸಿರುವ ಹಕ್ಕಿ ಇದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಇದನ್ನು ತವರಿಗೆ ಬಂದ ಮಗಳಂತೆ ಕಾಣುತ್ತಾರೆ. ನಮಗೋ ಕೆರೆ ಏರಿಗೆ ಟೈಲ್ಸ್ ಹಾಕಿಸುವುದರ ಮೇಲೇ ಆಸಕ್ತಿ ಜಾಸ್ತಿ, ಅಲ್ವಾ? ಮೀನು ಹಿಡಿಯುವುದೇ ಬೇಡ ಎನ್ನುತ್ತಿಲ್ಲ, ಅದೂ ಹೊಟ್ಟೆಪಾಡು. ಆದರೆ ಟೆಂಡರ್ ಕೊಡುವಾಗಲೇ ಹಳೆ ಬಲೆ ತೆಗೆಯುವ ಷರತ್ತು ಹಾಕಬೇಕು. ಹಕ್ಕಿ ಗೂಡು ಕಟ್ಟುವ ತಿಂಗಳುಗಳಲ್ಲಿ ನಡುಗಡ್ಡೆಯ ಸುತ್ತ ಬಲೆ ಬೀಸದಂತೆ ನೋಡಿಕೊಳ್ಳಬೇಕು.

– ಓದುಗ, ಬೆಂಗಳೂರು