ಪೈಲಟ್ ಕಣ್ಣು ವೇಗದ ಮೇಲಿರಲಿ

ಮಾನ್ಯ ಸಂಪಾದಕರೇ,

ವಿಮಾನವನ್ನು ಕಂಪ್ಯೂಟರೇ ಇಳಿಸುತ್ತೆ, ಪೈಲಟ್‌ಗೆ ಏನು ಕೆಲಸ ಅಂತ ಜನ ಹೇಳಿದಾಗೆಲ್ಲ ನನಗೆ 1990ರ ಫೆಬ್ರವರಿ 14 ನೆನಪಾಗುತ್ತದೆ. ಅವತ್ತು ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320, ಬೆಂಗಳೂರಿನ ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಪಾಪ, ಮನೆ ಇನ್ನೇನು ಬಂತು ಅನ್ನುವಾಗ!

ಪೈಲಟ್ ಎದುರಿಗೆ ಅಕ್ಕಪಕ್ಕದಲ್ಲೇ ಎರಡು ನಾಬ್. ಒಂದು ಎಷ್ಟು ಎತ್ತರಕ್ಕೆ ಇಳಿಯಬೇಕು ಅಂತ ಹೇಳಲು, ಇನ್ನೊಂದು ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು ಅಂತ ಹೇಳಲು. ನಿಮಿಷಕ್ಕೆ 700 ಅಡಿ ಅಂತ ಕೊಡಲು ಹೋಗಿ ಎತ್ತರದ ನಾಬನ್ನೇ 700ಕ್ಕೆ ತಿರುಗಿಸಿರಬೇಕು ಎಂದಿತು ತನಿಖೆ. ಆ ಎತ್ತರಕ್ಕೆ ಇಳಿಯಲೆಂದು ಕಂಪ್ಯೂಟರ್ ಎಂಜಿನ್‌ನ್ನು ಐಡಲ್‌ಗೆ, ಅಂದರೆ ಅತಿ ಕಡಿಮೆ ಪವರ್‌ಗೆ ತಂದಿತು. 132 ನಾಟ್ ಇರಬೇಕಿದ್ದ ವೇಗ 106ಕ್ಕೆ ಕುಸಿಯಿತು. ಮುಂದಿನ ಪರದೆಯಲ್ಲೇ ಅದು ಕಾಣುತ್ತಿತ್ತು, ಅಲ್ವಾ? ಗಮನಿಸಿ ಪವರ್ ಕೊಡುವಷ್ಟರಲ್ಲಿ ತಡವಾಗಿತ್ತು.

2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಹೀಗೇ. ವೇಗವನ್ನು ಯಂತ್ರ ನೋಡಿಕೊಳ್ಳುತ್ತದೆ ಅಂತ ನಂಬಿ ದಕ್ಷಿಣ ಕೊರಿಯಾದ ಏಷಿಯಾನಾ ಏರ್‌ಲೈನ್ಸ್ ಪೈಲಟ್‌ಗಳು ಮೋಸಹೋದರು. ಮೂವರು ಸತ್ತರು.

ನಮ್ಮ ಪೈಲಟ್‌ಗಳಿಗೆ ಕೈಯಿಂದಲೇ ವಿಮಾನ ಇಳಿಸುವ ಅಭ್ಯಾಸವನ್ನು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಇನ್ನೂ ಜಾಸ್ತಿ ಮಾಡಿಸಲಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಬೆಂಗಳೂರು