ಕೀ ಕೈಯಲ್ಲೇ ಇದ್ದರೂ ‘ಕೀ ಇಲ್ಲ’ ಎನ್ನುವ ಕಾರು

ಮಾನ್ಯ ಸಂಪಾದಕರೇ,

ಗುಂಡಿ ಒತ್ತಿ ಚಾಲೂ ಮಾಡುವ ನನ್ನ ಕಾರು ಕಳೆದ ವಾರ ಇದ್ದಕ್ಕಿದ್ದಂತೆ ‘ಕೀ ಪತ್ತೆಯಾಗಿಲ್ಲ’ ಎಂದು ತೋರಿಸಿತು. ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿದರೆ, ಗಾಡಿಯನ್ನು ಎಳೆದು ತರಿಸಿ, ಹೊಸ ಕೀ ಮಾಡಿಸಬೇಕಾದೀತು ಎಂಬ ಉತ್ತರ ಬಂತು. ಬೇರೆ ದಾರಿ ಕಾಣದೆ ಕಾರಿನ ಕೈಪಿಡಿ ತೆರೆದು, ಅದರಲ್ಲಿ ಹೇಳಿದಂತೆ ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು, ಬ್ರೇಕ್ ತುಳಿದು ಗುಂಡಿ ಒತ್ತಿದೆ. ಎಂಜಿನ್ ಚಾಲೂ ಆಯಿತು.

ಇದರಲ್ಲಿ ಪವಾಡವೇನೂ ಇಲ್ಲ. ಕಾರು ಕಡಿಮೆ ಕಂಪನಾಂಕದ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ, ಸಂಕೇತ ಕಳುಹಿಸಿ ಕೀಯನ್ನು ಎಚ್ಚರಿಸುತ್ತದೆ. ಕೀ ತನ್ನೊಳಗಿನ ಸೆಲ್ಲಿನ ಬಲದಿಂದ, ಹೆಚ್ಚಾಗಿ 315 ಅಥವಾ 433 ಮೆಗಾಹರ್ಟ್ಸ್‌ನಲ್ಲಿ, ಉತ್ತರಿಸುತ್ತದೆ. ಸೆಲ್ ಸೊರಗಿದರೆ ಉತ್ತರ ಹೋಗುವುದಿಲ್ಲ. ಆದರೆ ಕೀಯೊಳಗೇ ಇರುವ, ಕಳ್ಳತನ ತಡೆಯುವ ಇಮ್ಮೊಬಿಲೈಸರ್‌ನ ಚಿಪ್‌ಗೆ ಸೆಲ್ ಬೇಕಿಲ್ಲ, ಕಾರಿನಲ್ಲಿರುವ ತಂತಿಯ ಸುರುಳಿಯ ಹತ್ತಿರಕ್ಕೆ ಹಿಡಿದರೆ ಅಲ್ಲಿಂದಲೇ ಶಕ್ತಿ ಪಡೆಯುತ್ತದೆ. ಹಿಡಿಯಬೇಕಾದ ಜಾಗ ಕೆಲವು ಕಾರುಗಳಲ್ಲಿ ಸ್ಟಾರ್ಟ್ ಗುಂಡಿ, ಕೆಲವದರಲ್ಲಿ ಸ್ಟಿಯರಿಂಗ್ ಕಂಬ, ಇನ್ನು ಕೆಲವದರಲ್ಲಿ ನಡುವಿನ ಕನ್ಸೋಲಿನೊಳಗಿನ ಗುರುತು.

ಮನೆಗೆ ಬಂದು ಕೀ ಬಿಚ್ಚಿದಾಗ ನಿಜವಾದ ದೋಷ ಕಂಡಿತು. 3.2 ಮಿಲಿಮೀಟರ್ ದಪ್ಪದ ಸಿಆರ್2032 ಸೆಲ್ ಇರಬೇಕಾದಲ್ಲಿ ಯಾರೋ 2.5 ಮಿಲಿಮೀಟರಿನ ಸಿಆರ್2025 ಕೂರಿಸಿದ್ದರು. ಎರಡೂ 3 ವೋಲ್ಟಿನವೇ, ಎರಡರ ಅಗಲವೂ 20 ಮಿಲಿಮೀಟರೇ. ಆದರೆ ತೆಳ್ಳಗಿನ ಸೆಲ್ ಲೋಹದ ಪಟ್ಟಿಗೆ ಸರಿಯಾಗಿ ತಾಗದೆ, ಹೆಬ್ಬೆರಳಿನಿಂದ ಒತ್ತಿದಾಗ ಮಾತ್ರ ಕೀಯ ಸಣ್ಣ ದೀಪ ಹೊತ್ತಿಕೊಳ್ಳುತ್ತಿತ್ತು. ಸರಿಯಾದ ಸೆಲ್ ಹಾಕಿದ ಮೇಲೆ ತೊಂದರೆ ಮರುಕಳಿಸಿಲ್ಲ.

ಇಂತಹ ಸಂದರ್ಭದಲ್ಲಿ ಎರಡನೆಯ ಕೀಯನ್ನು ಮೊದಲು ಪ್ರಯತ್ನಿಸುವುದು ಮೇಲು. ಅದು ಕೆಲಸ ಮಾಡಿದರೆ ದೋಷ ಮೊದಲ ಕೀಯಲ್ಲಿದೆ. ಎರಡೂ ಸೋತರೆ ಕಾರಿನ ಕಡೆ, ಅದರಲ್ಲೂ 12 ವೋಲ್ಟಿನ ಬ್ಯಾಟರಿಯ ಕಡೆ, ನೋಡಬೇಕು. ಕೀಯನ್ನು ಮೊಬೈಲಿಗೆ ಅಂಟಿಸಿಕೊಂಡಂತೆ ಇಟ್ಟುಕೊಂಡಿದ್ದರೆ ಅದನ್ನು ದೂರ ಸರಿಸಿ ನೋಡಬೇಕು. ತಿರುಗಿಸುವ ಹಳೆಯ ಮಾದರಿಯ ಕೀಗೆ ಹೊಸ ಹೊರಕವಚ ಹಾಕಿಸಿದವರಿಗೆ ಬೇರೆಯದೇ ಫಜೀತಿ: ಅಕ್ಕಿಕಾಳಿನಷ್ಟು ಚಿಕ್ಕ ಇಮ್ಮೊಬಿಲೈಸರ್ ಚಿಪ್ ಹಳೆಯ ಕವಚದಲ್ಲೇ ಉಳಿದುಬಿಟ್ಟರೆ, ರಿಮೋಟಿನಿಂದ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಹೊತ್ತಿಕೊಳ್ಳದು, ಅಥವಾ ಹೊತ್ತಿಕೊಂಡ ಕೂಡಲೇ ಆರಿಹೋಗುತ್ತದೆ. ಹಳೆಯ ಕವಚವನ್ನು ಕಸಕ್ಕೆ ಎಸೆಯುವ ಮುನ್ನ ಒಮ್ಮೆ ನೋಡುವುದು ಒಳ್ಳೆಯದು.

ಹೊಸ ಕಾರು ಒಪ್ಪಿಸುವ ದಿನ ಹಾಡಿನ ವ್ಯವಸ್ಥೆಯನ್ನೂ ಬಣ್ಣದ ದೀಪಗಳನ್ನೂ ಅರ್ಧ ಗಂಟೆ ವಿವರಿಸುವ ಮಾರಾಟಗಾರರು, ಕೀಯೊಳಗೆ ಅಡಗಿರುವ ಲೋಹದ ಕೀಯನ್ನು ಹೊರತೆಗೆದು ಬಾಗಿಲು ತೆರೆಯುವ ಬಗೆಯನ್ನೂ, ಸೆಲ್ ಮುಗಿದಾಗ ಕೀಯನ್ನು ಎಲ್ಲಿ ಹಿಡಿಯಬೇಕು ಎಂಬುದನ್ನೂ ಗ್ರಾಹಕರ ಕೈಯಿಂದಲೇ ಒಮ್ಮೆ ಮಾಡಿಸಬೇಕು. ಸಹಾಯವಾಣಿಯವರು ಸಹ ಗಾಡಿ ಎಳೆಸುವ ಮಾತಿಗೆ ಮುಂಚೆ ಈ ಎರಡನ್ನು ಕೇಳುವ ಪರಿಪಾಠ ಇಟ್ಟುಕೊಳ್ಳಬೇಕೆಂದು ನನ್ನ ವಿನಂತಿ.

ಇಂತಿ,
ಓರ್ವ ಓದುಗ