ಆ ಕಂಬಗಳು ಅಲಂಕಾರಕ್ಕಲ್ಲ

ಮಾನ್ಯರೇ,

ಸ್ಪೇನ್‌ನ ಅಸ್ತೂರಿಯಸ್ ಸೀಮೆಯ ಸಾಂತಾ ಕ್ರಿಸ್ತೀನಾ ದೆ ಲೇನಾ ಚರ್ಚಿನ ಕುರಿತು ನಿಮ್ಮ ಪ್ರವಾಸ ಪುಟದಲ್ಲಿ ಬಂದ ಲೇಖನ ಓದಿ ಸಂತೋಷವಾಯಿತು. ಆದರೆ ಅದರ ಎರಡು ಮಾತುಗಳನ್ನು ತಿದ್ದಲೇಬೇಕು. ಹೊರಗೋಡೆಯ ಕಂಬಗಳು ಲೇಖನ ಹೇಳಿದಂತೆ ಬರೀ ಅಂದಕ್ಕಾಗಿ ಇಟ್ಟವಲ್ಲ. ಇಡೀ ಕಟ್ಟಡ 9ನೇ ಶತಮಾನದಿಂದ ಹಾಗೇ ಉಳಿದು ಬಂದದ್ದೂ ಅಲ್ಲ.

ಗುಡ್ಡದ ಮೇಲಿನ ಈ ಪುಟ್ಟ ಚರ್ಚಿಗೆ ಸುತ್ತಲೂ 32 ಆನಿಕೆ ಕಂಬಗಳಿವೆ. ಇಷ್ಟು ಚಿಕ್ಕ ಕಟ್ಟಡಕ್ಕೆ ಅಷ್ಟೊಂದು ಏಕೆಂದರೆ, ಛಾವಣಿ ಉದ್ದಕ್ಕೆ ಸೀಳಿದ ಕೊಳವೆಯಂಥ ಕಮಾನು. ಕಮಾನು ಭಾರವನ್ನು ಕೆಳಕ್ಕೆ ಇಳಿಸುವುದಷ್ಟೇ ಅಲ್ಲ, ಗೋಡೆಗಳನ್ನು ಹೊರಕ್ಕೂ ತಳ್ಳುತ್ತದೆ. ಗೋಡೆ ಹೊರವಾಲಿದರೆ ಕಮಾನಿನ ನೆತ್ತಿ ಬಿರಿಯುತ್ತದೆ, ಬಿರುಕಿಗೆ ಮಳೆನೀರು ಇಳಿದು ಗಾರೆ ಸಡಿಲವಾಗುತ್ತದೆ. ಆ ತಳ್ಳಾಟಕ್ಕೆ ಎದುರೊತ್ತು ಕೊಡುವುದೇ ಈ ಕಂಬಗಳ ಕೆಲಸ. ನಾಲ್ಕೂ ಬದಿಯ ನಡುವಿನಿಂದ ಹೊರಚಾಚಿದ ಕೋಣೆಗಳೂ ಗೋಡೆಗೆ ಹೆಗಲು ಕೊಡುತ್ತವೆ. ನಮ್ಮ ಬಾದಾಮಿಯ ಮಾಲೆಗಿತ್ತಿ ಶಿವಾಲಯವೂ ಬೆಟ್ಟದ ಮೇಲಿನ ಸಣ್ಣ ಗುಡಿಯೇ, ಇನ್ನೂ ಹಳೆಯದು, 7ನೇ ಶತಮಾನದ್ದು. ಅಲ್ಲಿ ತೊಲೆ, ಚಪ್ಪಡಿಗಳ ಭಾರ ನೇರ ಕಂಬಕ್ಕೂ ಗೋಡೆಗೂ ಇಳಿಯುವುದರಿಂದ ಇಂಥ ಆನಿಕೆ ಬೇಕಾಗಲಿಲ್ಲ.

ಲೇನಾದ ಮೂಲ ಕಮಾನು ಉಳಿಯಲಿಲ್ಲ. ಈಗ ಕಾಣುವುದು ವಾಸ್ತುಶಿಲ್ಪಿ ಹುವಾನ್ ಬೌತಿಸ್ತಾ ಲಾಸರೊ 19ನೇ ಶತಮಾನದ ಕೊನೆಯಲ್ಲಿ ಮತ್ತೆ ಕಟ್ಟಿಸಿದ್ದು. ಅದನ್ನು ಹೇಳಿದರೆ ಚರ್ಚಿನ ಘನತೆ ಕಡಿಮೆಯಾಗುವುದಿಲ್ಲ. ಅಸ್ತೂರಿಯಸ್ ದೊರೆ ಒಂದನೇ ಒರ್ದೋನ್ಯೊ (ಆಳ್ವಿಕೆ 850–866) ಕಾಲದ್ದೆಂದು ಹೇಳಲಾಗುವ ಈ ಕಟ್ಟಡ 1985ರಲ್ಲೇ ಯುನೆಸ್ಕೊ ಪಟ್ಟಿ ಸೇರಿದೆ.

ಲೇಖನ ಪೂರ್ತಿ ಬಿಟ್ಟುಬಿಟ್ಟದ್ದು ಒಳಗಿನ ತೆರೆಗೋಡೆ; ನಿಜವಾದ ನಿಧಿ ಅದೇ. ಬಲಿಪೀಠದ ಕಡೆ ನೆಲ ಮೆಟ್ಟಿಲೇರಿ ಎತ್ತರವಾಗುತ್ತದೆ. ಆ ಅಂಚಿನಲ್ಲಿ ಕಂಬಗಳ ಮೇಲೆ ಮೂರು ಕಮಾನು, ಕಮಾನುಗಳ ಮೇಲೆ ಕಲ್ಲಿನಲ್ಲೇ ಕೊರೆದ ಜಾಲಂದ್ರ. ನಡುಗಮಾನಿನ ಕೆಳಗೆ ದಾರಿಗೆ ಅಡ್ಡಲಾಗಿ ಕೆತ್ತನೆಯ ಹಲಗೆಗಲ್ಲುಗಳು. ಇವು ಚರ್ಚಿಗಿಂತ ಹಳೆಯವು, ಅದಕ್ಕೂ ಮುಂಚೆ ಸ್ಪೇನ್ ಆಳಿದ ವಿಸಿಗೋಥರ ಕಾಲದವು. ಇಲ್ಲಿ ತಂದು ಮರುಬಳಸಿದವು. ಪಾದ್ರಿಗಳ ಜಾಗವನ್ನು ಜನರ ಜಾಗದಿಂದ ಬೇರ್ಪಡಿಸುವುದು ಸ್ಪೇನ್‌ನ ಹಳೆಯ ಹಿಸ್ಪಾನಿಕ್ ಪೂಜಾಕ್ರಮದ ರೂಢಿ. 1080ರಲ್ಲಿ ಈ ಸೀಮೆ ರೋಮನ್ ಪೂಜಾಕ್ರಮ ಒಪ್ಪಿಕೊಂಡ ಮೇಲೆ ಇಂಥ ತೆರೆಗಳಿಗೆ ಆ ಅಗತ್ಯವೇ ಉಳಿಯಲಿಲ್ಲ. ಹಾಗಿದ್ದೂ ಇದು ಇಲ್ಲಿ ನಿಂತಿದೆ.

ತಿದ್ದುಪಡಿ ಹಾಕುವಾಗ ಆ ತೆರೆಗೋಡೆಯ ಒಂದು ಚಿತ್ರವನ್ನೂ ದಯವಿಟ್ಟು ಪ್ರಕಟಿಸಿ.

ಇಂತಿ,
ವಾಸ್ತುಶಿಲ್ಪ ಅಧ್ಯಾಪಕ, ಧಾರವಾಡ